ಎರಡು ಉದ್ದ, ಒಂದು ಗಿಡ್ಡ

ಇದು ನಮ್ಮ ದೊಡ್ಡಪ್ಪನ ಮಗ ದುರುಗೇಶನಿಗೆ ಆದದ್ದು. ಕಟ್ಟಿ ಹೇಳುವ ದರ್ದು ನನಗಿಲ್ಲ. ಮನುಷ್ಯ ಮಸ್ಕಿಯಲ್ಲೇ ಇದ್ದಾನೆ, ಬೇಕಾದರೆ ನಾಳೆ ಹೋಗಿ ಕೇಳಿ. ಆದರೆ ಹಗಲಲ್ಲಿ ಕೇಳಿ... ಹೊತ್ತು ಮುಳುಗಿದ ಮೇಲೆ ಕೇಳಿದರೆ ಎದ್ದು ಒಳಗೆ ಹೋಗಿಬಿಡುತ್ತಾನೆ.

ಹೋದ ವರ್ಷ ಶಿವರಾತ್ರಿಗೆ ಇನ್ನೂ ನಾಲ್ಕು ದಿನ ಇತ್ತು. ರಾತ್ರಿ ಹತ್ತು ದಾಟಿತ್ತು. ಸಂತೆಕಲ್ಲೂರಿನ ಆಚೆ, ಜೋಳ ಕೊಯ್ದ ಕಪ್ಪುಮಣ್ಣಿನ ಎರಿಹೊಲದಲ್ಲಿ ದುರುಗೇಶ ಒಬ್ಬನೇ ನಡೆದು ಬರುತ್ತಿದ್ದ. ಚಂದ್ರ ಇರಲಿಲ್ಲ. ಚಪ್ಪಲಿ ಕೆಳಗೆ ಜೋಳದ ಕೂಳೆ ಚುರ್... ಚುರ್... ಅನ್ನುತ್ತಿತ್ತು. ಎದುರಿಗೆ ಗದ್ದೆಪ್ಪನ ಹಾಳು ಬಾವಿ, ಅದರ ಮೇಲೆ ಬಾಗಿದ ಆಲದ ಮರ. ಊರಿಗೆ ಹೋಗುವ ಕಾಲುದಾರಿ ಬಾವಿಯ ಪಕ್ಕದಲ್ಲೇ ಹಾಯುತ್ತದೆ. ಬೇರೆ ದಾರಿಯೂ ಇದೆ, ಆದರೆ ಒಂದು ಮೈಲಿ ಸುತ್ತು. ಎರಡು ವರ್ಷದಿಂದ ದುರುಗೇಶ ಆ ಸುತ್ತು ದಾರಿಯನ್ನೇ ಹಿಡಿಯುತ್ತಿದ್ದ. ಯಾಕೆ ಅಂತ ಹೇಳುತ್ತೇನೆ, ತಡೀರಿ. ಆವತ್ತು ಮಾತ್ರ ಕೈಯಲ್ಲಿದ್ದ ರೇಡಿಯೊ ಅವನನ್ನು ಬಾವಿಯ ಕಡೆಗೇ ಎಳೆಯುತ್ತಿತ್ತು.

ಅವನು ಹುಡುಕುತ್ತಿದ್ದದ್ದು ತನ್ನ ರಾಕೆಟ್ಟನ್ನು. ನಗಬೇಡಿ. ದೀಪಾವಳಿಯಲ್ಲಿ ಬಾಟಲಿಗೆ ಸಿಕ್ಕಿಸಿ ಬಿಡುವಂಥದ್ದಲ್ಲ. ಎದೆಮಟ್ಟದ ಕೊಳವೆ, ತೆಳು ಹಲಗೆಯ ರೆಕ್ಕೆ, ಬುಡದಲ್ಲಿ ಮದ್ದು, ಒಳಗೆ ಮಡಿಚಿಟ್ಟ ಪ್ಯಾರಾಚೂಟು. ದೂರ ನಿಂತು ಗುಂಡಿ ಒತ್ತಿದರೆ ಶ್ಶ್ಶ್‌ರ್‌ರ್ ಅಂತ ಎದ್ದು, ಕಣ್ಣಿಗೆ ಕಾಣದಷ್ಟು ಮೇಲೆ ಹೋಗಿ, ಪ್ಯಾರಾಚೂಟು ಬಿಚ್ಚಿಕೊಂಡು ಇಳಿಯುತ್ತದೆ. ಎಲ್ಲಿ ಇಳಿಯುತ್ತದೆ ಅನ್ನೋದು ಗಾಳಿಯ ಮರ್ಜಿ.

ಅದಕ್ಕೇ ಮೂತಿಯೊಳಗೆ ಬೆಂಕಿಪೊಟ್ಟಣದಷ್ಟು ಒಂದು ಯಂತ್ರ ಇಡುತ್ತಾರೆ. ಎಷ್ಟು ಮೀಟರ್ ಏರಿದೆ ಅಂತ ಅದು ನೆನಪಿಟ್ಟುಕೊಳ್ಳುತ್ತದೆ. ಬಿದ್ದ ಮೇಲೆ, ಇಲ್ಲಿದ್ದೀನಿ, ಇಲ್ಲಿದ್ದೀನಿ ಅಂತ ಕೂಗುತ್ತಿರುತ್ತದೆ. ಬರಿಗಿವಿಗೆ ಆ ಕೂಗು ಕೇಳುವುದಿಲ್ಲ, ರೇಡಿಯೊದಲ್ಲಿ ಮಾತ್ರ. ಒಬ್ಬೊಬ್ಬರ ಯಂತ್ರಕ್ಕೆ ಒಂದೊಂದು ಕೂಗು. ದುರುಗೇಶನದು ಒಂದು ಉದ್ದ, ಎರಡು ಗಿಡ್ಡ. ಟೂಂ... ಟಿಕ್ ಟಿಕ್. ಗಂಗಾಧರನದು ಎರಡು ಉದ್ದ, ಒಂದು ಗಿಡ್ಡ. ಟೂಂ... ಟೂಂ... ಟಿಕ್. ಈ ಎರಡನ್ನೂ ನೆನಪಿಟ್ಟುಕೊಳ್ಳಿ.

ಗಂಗಾಧರ ಅಂದರೆ ದುರುಗೇಶನ ಜೀವದ ಗೆಳೆಯ. ಮಸ್ಕಿಯ ಹೈಸ್ಕೂಲಿನಲ್ಲಿ ಇಬ್ಬರದೂ ಒಂದೇ ಬೆಂಚು. ದೊಡ್ಡವರಾದ ಮೇಲೆ ದುರುಗೇಶ ಲಿಂಗಸುಗೂರಿನ ಐಟಿಐ ಒಂದರಲ್ಲಿ ಫಿಟ್ಟರ್ ಕಲಿಸುವ ಮಾಸ್ತರನಾದ, ಗಂಗಾಧರ ಸಿಂಧನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ. ಇಬ್ಬರಿಗೂ ವಿಜ್ಞಾನ ಕಲಿಸಿದ ಹಸನ್‌ಸಾಬ್ ಮಾಸ್ತರು ನಿವೃತ್ತರಾದ ಮೇಲೆ ಸುಮ್ಮನೆ ಮೊಮ್ಮಕ್ಕಳನ್ನು ಆಡಿಸಿಕೊಂಡಿರಬಹುದಿತ್ತು. ಅವರು ಠಾಣೆಯ ಕಾಗದ, ತಾಲೂಕು ಕಚೇರಿಯ ಕಾಗದ ಎಲ್ಲ ಮಾಡಿಸಿಕೊಂಡು ರಾಕೆಟ್ ಕ್ಲಬ್ಬು ಶುರುಮಾಡಿದರು. ತುರ್ವಿಹಾಳದ ಕಡೆ ಹಾರಿಸಿದರೆ ಭತ್ತದ ಗದ್ದೆಯ ಕೆಸರಿನಲ್ಲಿ ಹೂತುಹೋಗುತ್ತದೆ ಅಂತ ಸಂತೆಕಲ್ಲೂರಿನ ಒಣಹೊಲ ಹಿಡಿದರು. ಬೇಸಿಗೆ ಬಂತೆಂದರೆ ಪ್ರತಿ ಭಾನುವಾರ ಅಲ್ಲೇ.

ರಾಕೆಟ್ ಚೆಂದ ಮಾಡುತ್ತಿದ್ದವನು ದುರುಗೇಶ. ಬಿದ್ದದ್ದನ್ನು ಹುಡುಕಿ ತರುತ್ತಿದ್ದವನು ಗಂಗಾಧರ. ಹೆಸರು ಯಾರಿಗೆ ಬಂತು ಅಂತೀರಿ? ತಂದವನಿಗೆ! ಬಡಿಗರ ಅಳತೆಪಟ್ಟಿ ಕತ್ತರಿಸಿ ಪೈಪಿಗೆ ಕಟ್ಟಿ ಗಂಗಾಧರನೇ ರೇಡಿಯೊಗೆ ಏರಿಯಲ್ ಮಾಡಿದ್ದ. ಅದನ್ನು ಹಿಡಿದು ಸದ್ದು ಜೋರಾದ ಕಡೆ ನಡೆಯಬೇಕು. ತೀರಾ ಹತ್ತಿರ ಬಂದಾಗ ಎಲ್ಲ ದಿಕ್ಕಿಗೂ ಸದ್ದು ಒಂದೇ ಸಮ ಆಗುತ್ತದೆ, ಏರಿಯಲ್ ಕೆಲಸಕ್ಕೆ ಬಾರದು. ಆಗ ಗಂಗಾಧರ ಏರಿಯಲ್ ಬಿಚ್ಚಿ, ರೇಡಿಯೊವನ್ನು ಎದೆಗೆ ಅವಚಿಕೊಂಡು, ನಿಂತಲ್ಲೇ ನಿಧಾನ ತಿರುಗುತ್ತಿದ್ದ.

"ಸದ್ದು ಸತ್ತಾಗ ನಿಲ್ಲಬೇಕಲೇ ದುರುಗ್ಯಾ. ಮೈ ಅಡ್ಡ ಬಂದು ಸದ್ದು ಕಟ್ಟೈತಿ ಅಂತ ಅರ್ಥ. ಅದು ಸರೀ ನಿನ್ನ ಬೆನ್ನ ಹಿಂದ ಐತಿ."

ಹಿಂದಕ್ಕೆ ತಿರುಗಿ ಹತ್ತು ಹೆಜ್ಜೆ ಇಟ್ಟರೆ ರಾಕೆಟ್ ಸಿಗುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ದುರುಗೇಶನೂ ತಟ್ಟುತ್ತಿದ್ದ. ಹೊಟ್ಟೆಯೊಳಗೆ ಮಾತ್ರ ಒಣಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಅವನಿಗೊಂದೇ ಸಮಾಧಾನ. ಹಸನ್‌ಸಾಬರ ಪಡಸಾಲೆಯ ಕರಿಹಲಗೆಯಲ್ಲಿ ಎಲ್ಲಕ್ಕಿಂತ ಮೇಲೆ ಅವನ ಹೆಸರಿತ್ತು. ದುರುಗೇಶ, ಐನೂರಾ ನಲವತ್ತೆಂಟು ಮೀಟರ್. ಯಂತ್ರ ಕೈಗೆ ಸಿಕ್ಕು, ಅದು ಹೇಳಿದ ಅಂಕಿಯನ್ನು ಮಾತ್ರ ಮಾಸ್ತರು ಹಲಗೆಗೆ ಬರೆಯುತ್ತಿದ್ದರು. ಬ್ಯಾಟರಿ ಕೊಟ್ಟ ಕೂಡಲೇ ಯಂತ್ರ ಮೊದಲು ತಾನು ಏರಿದ ಎತ್ತರವನ್ನು ಟಿಕ್ ಟಿಕ್ ಅಂತ ಎಣಿಸಿ ಹೇಳುತ್ತದೆ. ಕಣ್ಣಂದಾಜು, ಬಾಯಿಮಾತು ಏನೂ ನಡೆಯುತ್ತಿರಲಿಲ್ಲ.

ಆ ರಾತ್ರಿಗೂ ಎರಡು ಬೇಸಿಗೆಯ ಹಿಂದೆ ಒಂದು ಭಾನುವಾರ ಗಂಗಾಧರ ತಾನೇ ಮಾಡಿದ ರಾಕೆಟ್ ಹಾರಿಸಿದ. ಎಲ್ಲರ ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡಿದರೂ ಕಾಣಲಿಲ್ಲ. ದುರುಗೇಶನಿಗೆ ಆಗಲೇ ಗೊತ್ತಾಗಿತ್ತು, ಹಲಗೆಯ ಮೇಲಿನ ತನ್ನ ಹೆಸರು ಕೆಳಗಿಳಿಯಿತು ಅಂತ. ಹುಡುಕಲು ಗಂಗಾಧರ ಮೂಡಲಕ್ಕೆ ಹೋದ, ಇವನು ಪಡುವಲಕ್ಕೆ. ಇವನ ರೇಡಿಯೊದಲ್ಲಿ ಬಂತು... ಟೂಂ... ಟೂಂ... ಟಿಕ್.

ಗದ್ದೆಪ್ಪನ ಬಾವಿಯ ಹತ್ತಿರ ಎದೆಗವಚಿ ತಿರುಗಿದ. ಸದ್ದು ಸತ್ತಿತು. ಬೆನ್ನ ಹಿಂದೆ ಬಾವಿ. ಇಣುಕಿದರೆ ಒಳಗೆ ಮೂರನೇ ಮೆಟ್ಟಿಲ ಮೇಲೆ ರಾಕೆಟ್ ಮಲಗಿದೆ.

ಒಂದು ಕೂಗು ಹಾಕಿದ್ದರೆ ಮುಗಿಯುತ್ತಿತ್ತು. ಹಾಕಲಿಲ್ಲ. ಮೆಟ್ಟಿಲಿಳಿದು, ಮೂತಿ ತಿರುಗಿಸಿ, ಬ್ಯಾಟರಿ ಕಿತ್ತು ಜೇಬಿಗಿಟ್ಟುಕೊಂಡ. ಕೂಗು ನಿಂತಿತು. ರಾಕೆಟ್ಟನ್ನು ಬಾವಿಯ ಗೋಡೆಯಲ್ಲಿದ್ದ ಪಾರಿವಾಳದ ಆಳವಾದ ಪೊಟರೆಗೆ ಉದ್ದಕ್ಕೆ ತುರುಕಿ, ಕೈ ಒರೆಸಿಕೊಂಡು ಮೇಲೆ ಬಂದ.

"ಏನರ ಕೇಳಿಸ್ತೇನಲೇ?" ಅಂತ ಗಂಗಾಧರ ಕೇಳಿದ.

"ಇಲ್ಲ ದೋಸ್ತ. ಎಲ್ಲಾ ಗಪ್ ಐತಿ."

ಅವನು ನಂಬಿದ ನೋಡಿ, ಅದೇ ಇವನಿಗೆ ಆಮೇಲೆ ತಡೆಯಲಾಗಲಿಲ್ಲ. ಒಂದು ಸಲವೂ ತಿರುಗಿ ಕೇಳಲಿಲ್ಲ, ಅನುಮಾನ ಪಡಲಿಲ್ಲ. ಹನ್ನೊಂದು ಭಾನುವಾರ ಸಿಂಧನೂರಿನಿಂದ ಬಸ್ಸು ಹತ್ತಿ ಬಂದು ಗಂಗಾಧರ ಆ ಹೊಲಗಳನ್ನು ತುಳಿದ. ಮಳೆಗಾಲದಲ್ಲಿ ಅವನಿಗೆ ಕಾಮಾಲೆ ಆಯಿತು. ನಾಟಿ ಔಷಧ ಅಂದರು, ಪಥ್ಯ ಅಂದರು, ದೊಡ್ಡ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೊತ್ತು ಮೀರಿತ್ತು. ಗೆಳೆಯನ ಮಣ್ಣಿಗೆ ಹೋದಾಗ ದುರುಗೇಶ ಎಲ್ಲರಿಗಿಂತ ಜೋರಾಗಿ ಅತ್ತ. ಸುಳ್ಳು ಅಳು ಅಲ್ಲ ಅದು.

ಬ್ಯಾಟರಿ ಮನೆಯಲ್ಲೇ ಉಳಿಯಿತು. ಚಾರ್ಜು ಮಾಡಿದ ತಾರೀಖನ್ನು ಬಿಳಿ ಟೇಪಿನ ಮೇಲೆ ಬರೆದು ಅಂಟಿಸುವುದು ಕ್ಲಬ್ಬಿನ ರೂಢಿ. ಅದರ ಮೇಲೆ ಗಂಗಾಧರನ ಕೈಬರಹ ಇತ್ತು. ಎಸೆಯಲು ಹೋದಾಗಲೆಲ್ಲ ಕೈ ಬರಲಿಲ್ಲ. ಒಂದು ತಗಡಿನ ಡಬ್ಬಿಗೆ ಹಾಕಿ ಬೀರುವಿನ ಮೂಲೆಯಲ್ಲಿಟ್ಟ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹಲಗೆಯ ಮೇಲೆ ದುರುಗೇಶನ ಅಂಕಿ ಉಳಿಯಿತು, ಜನರ ಬಾಯಲ್ಲಿ ಗಂಗಾಧರನ ಅಂಕಿ ಬೆಳೆಯಿತು. ಮೊದಲು ಆರುನೂರು ಅಂದರು. ಯುಗಾದಿ ಹೊತ್ತಿಗೆ ಆರುನೂರೈವತ್ತು. ಆಮೇಲೆ ಏಳುನೂರು. ಸತ್ತವನ ರಾಕೆಟ್ಟು ತಿಂಗಳಿಗೊಮ್ಮೆ ಇನ್ನಷ್ಟು ಮೇಲೇರುತ್ತಿತ್ತು! ದುರುಗೇಶನ ರಾಕೆಟ್ ನೋಡಿದವರೆಲ್ಲ, "ಛಲೋ ಐತಿ ಬಿಡ್ರಿ, ಆದ್ರ ಗಂಗಾಧರ ಇರಬೇಕಿತ್ತು," ಅನ್ನುವವರೇ.

"ಬದುಕಿದ್ದವನ ಜೋಡಿ ಜಿದ್ದು ಹಿಡೀಬಹುದು," ಅಂತ ಒಂದು ರಾತ್ರಿ ಹೆಂಡತಿ ನಂದಿನಿಯ ಮುಂದೆ ಹಲುಬಿದ. "ಸತ್ತವನ ಜೋಡಿ ಹೆಂಗ ಹಿಡೀಲಿ?"

"ಸತ್ತವನ ಮ್ಯಾಲೂ ಹೊಟ್ಟಿಕಿಚ್ಚೇನ್ರೀ ನಿಮಗ?" ಅಂದಳು ಅವಳು.

ಅದಕ್ಕೇ ಆವತ್ತಿನ ರಾಕೆಟ್ಟು. ಐದು ತಿಂಗಳು ಕೂತು ಮಾಡಿದ್ದು. ಆರುನೂರು ದಾಟಿ, ಆ ಅಂಕಿಯನ್ನು ಹಲಗೆಯ ಮೇಲೆ ಬರೆಸಿ, ಎಲ್ಲರ ಬಾಯಿಗೆ ಬೀಗ ಹಾಕಬೇಕು. ಸಂಜೆ ಐದಕ್ಕೆ ಹಾರಿಸಿದ. ಅಂಥ ಏರು ಅವನೂ ನೋಡಿರಲಿಲ್ಲ. ಏರಿ, ಮಾಯವಾಗಿ, ಗಾಳಿಗೆ ಎಲ್ಲೋ ತೇಲಿಹೋಯಿತು. ಯಂತ್ರದ ಬ್ಯಾಟರಿ ಎಂಟು ತಾಸು ಬಾಳುತ್ತದೆ. ರಾತ್ರಿ ಒಂದಕ್ಕೆ ಕೂಗು ನಿಲ್ಲುತ್ತದೆ, ಆಮೇಲೆ ಆ ಬಯಲಲ್ಲಿ ಅದು ಸಿಕ್ಕಂತೆಯೇ.

"ಕತ್ತಲಾತು, ಬಾ ಬೇಟಾ. ಹೋದ್ರ ಹೋತು, ಇನ್ನೊಂದು ಮಾಡು," ಅಂದರು ಹಸನ್‌ಸಾಬ್.

"ನೀವು ನಡೀರಿ ಸರ. ನಾ ಇವತ್ತ ತರಲೇಬೇಕು."

ಹೀಗೆ ಅವನು ಒಬ್ಬನೇ ಉಳಿದದ್ದು. ಒಂಬತ್ತರವರೆಗೂ ತನ್ನ ಕೂಗು ಸಣ್ಣಗೆ ಕೇಳುತ್ತಿತ್ತು. ಟೂಂ... ಟಿಕ್ ಟಿಕ್. ಹತ್ತರ ಹೊತ್ತಿಗೆ ಜೋರಾಯಿತು. ಆ ಜೋರು ಅವನನ್ನು ಬಾವಿಯ ದಾರಿಗೆ ತಂದಿತು. ಹಿಂದೆ ಸರಿಯೋಣ ಅಂದುಕೊಂಡ. ಆದರೆ ಆರುನೂರು ಮೀಟರು ಬಿಡಬೇಕಲ್ಲ! ನಡೆದ.

ಬಾವಿಗೆ ಇನ್ನೂ ನೂರು ಮಾರು ಇತ್ತು. ಅಲ್ಲಿ ರೇಡಿಯೊ ಒಮ್ಮೆ ಕರ್‌ರ್ ಅಂತು... ಸುಮ್ಮನಾಯಿತು... ಮತ್ತೆ ಶುರುವಾಯಿತು.

ಟೂಂ... ಟೂಂ... ಟಿಕ್.

ದುರುಗೇಶ ನಿಂತುಬಿಟ್ಟ. ರೇಡಿಯೊವನ್ನು ಅಂಗೈಗೆ ಬಡಿದ. ಆರಿಸಿ ಹಚ್ಚಿದ. ಟೂಂ... ಟೂಂ... ಟಿಕ್.

ಪಕ್ಕದ ಹೊಲದಲ್ಲಿ ಕುರಿ ತರುಬಿದ್ದರು. ಹಿಕ್ಕೆ ಗೊಬ್ಬರವಾಗಲಿ ಅಂತ ರಾತ್ರಿ ಹೊಲದಲ್ಲೇ ಕುರಿ ನಿಲ್ಲಿಸುತ್ತಾರಲ್ಲ, ಹಾಗೆ. ಕಂಬಳಿ ಹೊದ್ದು ಕೂತಿದ್ದ ಕುರುಬರ ಅಂಬಪ್ಪ ಎದ್ದು ಬಂದ. ದನಿ ಪಿಸುಪಿಸು.

"ಯಾರವರು?"

"ನಾನಪಾ... ಮಸ್ಕಿಯವ. ಒಂದು ಸಾಮಾನು ಹುಡುಕಾಕತ್ತೀನಿ."

"ಅದನ್ನ ಸಣ್ಣಗ ಮಾಡ್ರಿ," ಅಂತ ರೇಡಿಯೊ ಕಡೆ ಕೈ ಮಾಡಿದ. "ಆ ಹಕ್ಕಿಯಂಗ ಕೂಗಾಕತ್ತೈತಿ. ಕುರಿ ಬೆದರತಾವ."

"ಯಾವ ಹಕ್ಕಿ?"

"ಬಾವ್ಯಾಂದು. ಎರಡು ವರ್ಷ ಆತು. ಅಮಾಸಿ ಹತ್ರ ಬಂದಾಗ ಕೂಗ್ತೈತಿ... ಎರಡು ಉದ್ದ... ಒಂದು ಗಿಡ್ಡ. ಯಾರೂ ಕಣ್ಲೆ ನೋಡಿಲ್ಲ."

ಅಷ್ಟು ಹೇಳಿ ಅಂಬಪ್ಪ ಕಂಬಳಿ ತಲೆ ಮೇಲೆ ಎಳೆದುಕೊಂಡು ಮಂದೆಯೊಳಗೆ ಹೋದ. ಬರಿಗಿವಿಗೆ ಕೇಳದ ಕೂಗು, ರೇಡಿಯೊ ಕಂಡರಿಯದ ಕುರುಬನಿಗೆ ಹೇಗೆ ಕೇಳಿತು? ಅದಕ್ಕಿಂತ ದೊಡ್ಡ ಮಾತು ದುರುಗೇಶನೊಬ್ಬನಿಗೇ ಗೊತ್ತಿತ್ತು. ಆ ಯಂತ್ರಕ್ಕೆ ಬ್ಯಾಟರಿಯೇ ಇಲ್ಲ.

ಮನೆಗೆ ಫೋನು ಹಚ್ಚಿದ. ನಂದಿನಿ ಎತ್ತಿದಳು. ಮಗು ಮಲಗಿತ್ತು, ಅವಳೂ ಪಿಸುಗುಟ್ಟಿದಳು.

"ಬೀರುವಿನ್ಯಾಗ... ಮೂಲಿಗೆ ಒಂದು ತಗಡಿನ ಡಬ್ಬಿ ಐತಿ. ತಗದು ನೋಡು. ಬ್ಯಾಟರಿ ಐತೇನು?"

ಬೀರುವಿನ ಬಾಗಿಲು ಕಿರ್ರ್ ಅಂದದ್ದು ಕೇಳಿಸಿತು. ಡಬ್ಬಿಯ ಮುಚ್ಚಳ ಟಪ್ ಅಂದದ್ದೂ ಕೇಳಿಸಿತು. ಆಮೇಲೆ ತುಂಬಾ ಹೊತ್ತು ಅವಳು ಮಾತಾಡಲಿಲ್ಲ...

"ನಂದಿನಿ?"

"ಐತ್ರಿ," ಅಂದಳು. "ಇಲ್ಲೇ ಐತಿ. ನೀವು ಲಗೂನ ಮನಿಗೆ ಬರ್ರಿ."

ಫೋನು ಇಟ್ಟಳು. ಕೂಗು ನಿಂತಿರಲಿಲ್ಲ. ಟೂಂ... ಟೂಂ... ಟಿಕ್. ಈಗ ಏರಿಯಲ್ಲನ್ನು ಎತ್ತ ತಿರುಗಿಸಿದರೂ ಒಂದೇ ಜೋರು. ಆಲದ ಮರದ ಕೆಳಗೆ ಬಂದಿದ್ದ. ಕಾಲುಗಳೇ ತಾವಾಗಿ ತಂದಿದ್ದವು. ಏರಿಯಲ್ ಬಿಚ್ಚಿದ. ಗೆಳೆಯ ಕಲಿಸಿದ ಹಾಗೆ ರೇಡಿಯೊ ಎದೆಗೆ ಅವಚಿದ. ನಿಧಾನ ತಿರುಗಿದ.

ಬಾವಿಯ ಕಡೆ ಮುಖ ಬಂದಾಗ ಸದ್ದು ಸತ್ತಿತು.

ಅಂದರೆ ಅದು ಬಾವಿಯಲ್ಲಿ ಇಲ್ಲ... ಬೆನ್ನ ಹಿಂದೆ ಇದೆ. ಸರ್ರನೆ ತಿರುಗಿದ. ತಿರುಗುವಾಗ ಕೇಳಿತು, ನಿಂತ ಕೂಡಲೇ ಸತ್ತಿತು. ಮತ್ತೆ ಬೆನ್ನ ಹಿಂದೆ. ಎಡಕ್ಕೆ ತಿರುಗಿದ. ಸತ್ತಿತು. ಬಲಕ್ಕೆ ತಿರುಗಿದ. ಸತ್ತಿತು. ನಾಲ್ಕು ದಿಕ್ಕಿಗೂ ಅವನ ಬೆನ್ನ ಹಿಂದೆಯೇ ಇತ್ತು. ಗಾಳಿ ಇರಲಿಲ್ಲ, ಆದರೂ ಹೆಗಲ ಹಿಂದಿನ ಅಂಗಿ ಅಲುಗಿತು. ಯಾರೋ ತೀರಾ ಹತ್ತಿರ ನಿಂತು, ಅವನ ಹೆಗಲ ಮೇಲಿಂದ ರೇಡಿಯೊಗೆ ಕಿವಿ ಕೊಟ್ಟ ಹಾಗೆ...

ಇವನಿಗೆ ಓಡಬೇಕು ಅನ್ನಿಸಿತು. ಓಡಿದರೂ ಬೆನ್ನು ಜೊತೆಗೇ ಬರುತ್ತದಲ್ಲ!

"ಗಂಗಾ..." ಅಂದ. ಮತ್ತೆ ಅಂದ. "ಗಂಗಾ, ನನಗ ಕೇಳಿಸಿತ್ತಲೇ. ಆವತ್ತ ನನಗ ಕೇಳಿಸಿತ್ತು. ನಾನ ಬ್ಯಾಟರಿ ಕಿತ್ತಿದ್ದೆ."

ರೇಡಿಯೊ ಗಪ್ಪಾಯಿತು. ಕುರಿಮಂದೆಯೂ ಗಪ್ಪಾಗಿತ್ತು. ಆಮೇಲೆ ಬರೀ ಗಿಡ್ಡ ಸದ್ದು ಬಂತು. ಟಿಕ್ ಟಿಕ್ ಟಿಕ್ ಟಿಕ್ ಟಿಕ್ ಟಿಕ್. ನಿಂತಿತು. ಟಿಕ್ ಟಿಕ್ ಟಿಕ್. ನಿಂತಿತು. ಟಿಕ್ ಟಿಕ್.

ಆರು, ಮೂರು, ಎರಡು. ಆರುನೂರಾ ಮೂವತ್ತೆರಡು.

ಅಷ್ಟರಲ್ಲೇ, ಎಲ್ಲೋ ದೂರ ಗುರುಗುಂಟಾದ ದಿಕ್ಕಿನಿಂದ, ಸಣ್ಣಗೆ ಅವನದೇ ಕೂಗು ಬಂತು. ಟೂಂ... ಟಿಕ್ ಟಿಕ್. ಅವನ ರಾಕೆಟ್ಟು! ಹತ್ತಿರವೆಲ್ಲೂ ಇರಲಿಲ್ಲ, ಆದರೆ ಕೂಗುತ್ತಿತ್ತು. ಈಗಲೇ ಓಡಿದರೆ ಒಂದು ಗಂಟೆಯೊಳಗೆ ಸಿಗಬಹುದು. ಆರುನೂರಾ ಮೂವತ್ತೆರಡಕ್ಕಿಂತ ಹೆಚ್ಚು ಏರಿದ್ದರೂ ಏರಿರಬಹುದು. ಸತ್ತವನ ಅಂಕಿ ಕೇಳಿದವನು ತಾನೊಬ್ಬನೇ, ಅದು ಬಾವಿಯಲ್ಲೇ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆಗಲೂ, ಅಂಥ ಹೊತ್ತಿನಲ್ಲೂ, ಈ ಲೆಕ್ಕ ಹಾಕಿದೆ ಅಂತ ದುರುಗೇಶ ತಾನೇ ನನಗೆ ಹೇಳಿದ. ಮನುಷ್ಯನ ಹೊಟ್ಟೆಕಿಚ್ಚು ದೆವ್ವಕ್ಕೂ ಹೆದರುವುದಿಲ್ಲ.

ನಾಲ್ಕು ಹೆಜ್ಜೆ ಆ ಕಡೆ ಇಟ್ಟೂ ಬಿಟ್ಟ. ಆಮೇಲೆ ನಿಂತ. ಹನ್ನೊಂದು ಭಾನುವಾರ ನೆನಪಾದವು. ಹೊಟ್ಟೆ ಉರಿಯುತ್ತಲೇ ಇತ್ತು, ಆದರೂ ತಿರುಗಿ ಬಂದು, ಮೊಬೈಲಿನ ಬೆಳಕು ಹಚ್ಚಿ, ಬಾವಿಯ ಮೆಟ್ಟಿಲಿಳಿದ. ಪೊಟರೆಯಲ್ಲಿ ಕೈ ಹಾಕಿದ. ಪಾರಿವಾಳಗಳು ಪಟಪಟ ಎದ್ದವು. ರಾಕೆಟ್ ಅಲ್ಲೇ ಇತ್ತು, ಇಟ್ಟಂತೆಯೇ. ಅದನ್ನು ಎದೆಗವಚಿಕೊಂಡು ಮೇಲೆ ಬರುವಷ್ಟರಲ್ಲಿ ರೇಡಿಯೊದಲ್ಲಿ ತನ್ನ ಕೂಗು ನಿಂತುಹೋಗಿತ್ತು. ಗಂಟೆ ಇನ್ನೂ ಹನ್ನೊಂದೂವರೆ.

ಬೆಳಗಿನ ಜಾವಕ್ಕೆ ಹಸನ್‌ಸಾಬರ ಮನೆ ಬಾಗಿಲು ತಟ್ಟಿದ. ಮಾಸ್ತರು ನಮಾಜು ಮುಗಿಸಿ ಕೂತಿದ್ದರು. ರಾಕೆಟ್ ನೋಡಿ ಗುರುತು ಹಿಡಿದರು. ಮೂತಿ ತಿರುಗಿಸಿ ಬಿಚ್ಚಿದರು. ಒಳಗೆ ಜೇಡರ ಬಲೆ. ಬ್ಯಾಟರಿಯ ಜಾಗ ಖಾಲಿ.

"ಬ್ಯಾಟರಿ ಎಲ್ಲಿ?"

"ನನ್ನ ಮನ್ಯಾಗ ಐತಿ ಸರ," ಅಂದ ದುರುಗೇಶ. ಎಲ್ಲ ಹೇಳಿದ.

ಮಾಸ್ತರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು ಅನ್ನುತ್ತಾನೆ ಇವನು. ಹೊಸ ಬ್ಯಾಟರಿ ಹಾಕಿದರು. ಯಂತ್ರ ಎಣಿಸಿತು. ಆರು... ಮೂರು... ಎರಡು. ಎದ್ದು ಹೋಗಿ ಹಲಗೆಯ ಮೇಲೆ, ಎಲ್ಲಕ್ಕಿಂತ ಮೇಲೆ ಬರೆದರು. ಗಂಗಾಧರ, ಆರುನೂರಾ ಮೂವತ್ತೆರಡು. ಅದರ ಕೆಳಗೆ ದುರುಗೇಶ, ಐನೂರಾ ನಲವತ್ತೆಂಟು. ಅದು ಇವತ್ತಿಗೂ ಅಷ್ಟೇ ಇದೆ, ನಾನು ನೋಡಿ ಬಂದಿದ್ದೇನೆ. ದುರುಗೇಶನ ಆ ರಾಕೆಟ್ಟು ಮಾತ್ರ ಸಿಗಲೇ ಇಲ್ಲ. ಹನ್ನೊಂದು ಭಾನುವಾರ ಹುಡುಕಿದ, ಆಮೇಲೆ ಬಿಟ್ಟ. ಎಷ್ಟು ಏರಿತ್ತೋ, ಯಾರಿಗೂ ಗೊತ್ತಿಲ್ಲ.

ಬಾವಿಯಲ್ಲಿ ಈಗ ಹಕ್ಕಿ ಕೂಗುವುದಿಲ್ಲ ಅಂತ ಅಂಬಪ್ಪ ಹೇಳುತ್ತಾನೆ.

ಇನ್ನೊಂದಿದೆ. ಆವತ್ತು ಮಾಸ್ತರ ಮನೆಯಿಂದ ದುರುಗೇಶ ತನ್ನ ಮನೆಗೆ ಹೋದಾಗ ನಂದಿನಿ ಹೊಸ್ತಿಲಲ್ಲೇ ಕೂತಿದ್ದಳು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು ತಂದು ಅವನ ಮುಂದಿಟ್ಟಳು.

"ರಾತ್ರಿ ಫೋನಿನ್ಯಾಗ ಒಂದು ಮಾತು ಹೇಳಲಿಲ್ಲ ನಿಮಗ. ಕತ್ತಲಾಗ ಒಬ್ಬರೇ ಇದ್ರಿ, ಅಂಜತೀರಿ ಅಂತ ಬಿಟ್ಟೆ."

"ಏನು?"

"ಕೈಗೆ ತಗೊಂಡಾಗ ಬ್ಯಾಟರಿ ಬೆಚ್ಚಗಿತ್ರೀ."

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಂದಿನಿ ಸುಳ್ಳು ಹೇಳುವ ಹೆಂಗಸಲ್ಲ. ಆ ಮನೆಯಲ್ಲಿ ಸುಳ್ಳು ಹೇಳಿದವನು ಒಬ್ಬನೇ, ಅವನೂ ಈಗ ಬಿಟ್ಟಿದ್ದಾನೆ. ಡಬ್ಬಿ ಅದೇ ಬೀರುವಿನಲ್ಲಿದೆ, ಬಿಳಿ ಟೇಪಿನ ಮೇಲೆ ಗಂಗಾಧರ ಬರೆದ ತಾರೀಖು ಹಾಗೇ ಇದೆ. ಬ್ಯಾಟರಿ ಈಗ ತಣ್ಣಗಿದೆ. ನಾನೇ ಮುಟ್ಟಿ ನೋಡಿದ್ದೇನೆ.